ಜಾಲ ಬದಲಾದಾಗಲೆಲ್ಲ ಮೇಲ್ ನಿಲ್ಲುತ್ತಿದೆ: ಲ್ಯಾಪ್‌ಟಾಪಿನಲ್ಲಿ ಎಲ್ಲ ಕಡೆ ನಡೆಯುವ ಒಂದೇ ಸೆಟ್ಟಿಂಗ್ ಹೇಗೆ?

ಸಂಚಾರಿ_ಪೆಟ್ಟಿಗೆ (ಪ್ರಶ್ನೆ)

ಲಿನಕ್ಸ್ ಲ್ಯಾಪ್‌ಟಾಪ್. ಮೇಲ್ ಓದುವುದು ಬರೆಯುವುದು ಥಂಡರ್‌ಬರ್ಡ್‌ನಲ್ಲಿ. ಅದಲ್ಲದೆ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ) ವರದಿಗಳು, ಗಿಟ್ ಪ್ಯಾಚ್‌ಗಳು (ಕೋಡ್ ಬದಲಾವಣೆಗಳು) ಸೆಂಡ್‌ಮೇಲ್ ಆದೇಶದ ಮೂಲಕ ಹೋಗಬೇಕು, ಅದಕ್ಕೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಗಿಸುವ ಪ್ರೋಗ್ರಾಂ ಇದೆ. ಡೊಮೇನ್ ಸ್ವಂತದ್ದು, ಒಳಬರುವ ಮೇಲ್‌ಗೆ ಬಾಡಿಗೆ ವಿಪಿಎಸ್ (ಇಂಟರ್ನೆಟ್‌ನಲ್ಲಿ ಸದಾ ಓಡುವ ವರ್ಚುವಲ್ ಯಂತ್ರ) ಮೇಲೆ ಸ್ವಂತ ಸರ್ವರ್ ಇದೆ. ಆದರೆ ಹೊರಹೋಗುವ ಮೇಲ್‌ಗೆ ಮನೆಯ ಇಂಟರ್ನೆಟ್ ಕಂಪನಿಯ ಸರ್ವರ್ ಕೊಟ್ಟಿದೆ: ಪೋರ್ಟ್ 25, ಪಾಸ್‌ವರ್ಡ್ ಇಲ್ಲ.

ಮನೆಯಲ್ಲಿ ಏನೂ ತಕರಾರಿಲ್ಲ. ಹೊರಗೆ ಒಂದೊಂದು ಕಡೆ ಒಂದೊಂದು ಅವತಾರ. ಹೋಟೆಲ್ ವೈಫೈನಲ್ಲಿ 'ಕನೆಕ್ಷನ್ ಟೈಮ್ಡ್ ಔಟ್'. ಕಚೇರಿಯೊಂದರ ಅತಿಥಿ ಜಾಲದಲ್ಲಿ '554 5.7.1 ರಿಲೇ ಆ್ಯಕ್ಸೆಸ್ ಡಿನೈಡ್'. ಹಾಟ್‌ಸ್ಪಾಟ್‌ನಲ್ಲಿ ರಿಲೇಹೋಸ್ಟ್ (ಮೇಲ್ ಮುಂದಕ್ಕೆ ದಾಟಿಸುವ ಸರ್ವರ್) ತೆಗೆದು ಪೋಸ್ಟ್‌ಫಿಕ್ಸ್‌ಗೇ ನೇರವಾಗಿ ಕಳಿಸಲು ಬಿಟ್ಟರೆ ಕೆಲವು ಸ್ಪ್ಯಾಮ್‌ಹೌಸ್ (ಸ್ಪ್ಯಾಮ್ ತಡೆಯಲು ಐಪಿ ಪಟ್ಟಿಗಳನ್ನು ಇಡುವ ಸಂಸ್ಥೆ) ಪಿಬಿಎಲ್ ಹೆಸರು ಹೇಳಿ ವಾಪಸ್ ಬರುತ್ತವೆ, ಉಳಿದವು ಸ್ಪ್ಯಾಮ್ ಫೋಲ್ಡರ್ ಸೇರುತ್ತವೆ.

ಈಗ ಹೋದಲ್ಲೆಲ್ಲ ಸರ್ವರ್ ಹೆಸರು ಬದಲಿಸಿಕೊಂಡು ಕೂರಬೇಕಾಗಿದೆ. ಬೇಕಿರುವುದು ಎರಡು: ಯಾವ ಜಾಲದಲ್ಲೂ ಮುಟ್ಟದೇ ನಡೆಯುವ ಸೆಟ್ಟಿಂಗ್, ಜಾಲವೇ ಇಲ್ಲದಾಗ ಬರೆದ ಮೇಲ್ ಜಾಲ ಸಿಕ್ಕಾಗ ತಾನಾಗಿ ಹೋಗುವುದು.

---

ಹಳೇಟಪಾಲು

ಮೂರೂ ತೊಂದರೆಗಳ ಬೇರು ಒಂದೇ. ಪೋರ್ಟ್ 25 ಇರುವುದು ಸರ್ವರ್‌ನಿಂದ ಸರ್ವರ್‌ಗೆ ಮೇಲ್ ದಾಟಿಸಲು. ಬಳಕೆದಾರ ತನ್ನ ಮೇಲ್ ಅನ್ನು ತನ್ನ ಸರ್ವರ್‌ಗೆ ಒಪ್ಪಿಸುವುದು ಬೇರೆ ಕೆಲಸ, ಅದಕ್ಕೆ 1998ರ ಆರ್‌ಎಫ್‌ಸಿ (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) 2476ರಲ್ಲೇ 587 ಅಂತ ಬೇರೆ ಬಾಗಿಲು ಇಟ್ಟಾಗಿದೆ. ನೀವು ಆ ಬಾಗಿಲು ಬಿಟ್ಟು ಹೋದಲ್ಲೆಲ್ಲ 25 ಬಡಿಯುತ್ತಿದ್ದೀರಿ.

ಟೈಮ್‌ಔಟ್ ಯಾಕೆ: ವೈರಸ್ ಹಿಡಿದ ಯಂತ್ರಗಳು ಸ್ಪ್ಯಾಮ್ ಉಗುಳಬಾರದೆಂದು ಹೋಟೆಲ್‌ಗಳು, ಮೊಬೈಲ್ ಕಂಪನಿಗಳು, ಮನೆ ಬ್ರಾಡ್‌ಬ್ಯಾಂಡ್‌ನವರು ಹೊರಹೋಗುವ 25 ಅನ್ನು ಮುಚ್ಚುತ್ತಾರೆ. ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸುವುದರಿಂದ 'ರೆಫ್ಯೂಸ್ಡ್' ಅನ್ನುವ ಉತ್ತರವೂ ಬರುವುದಿಲ್ಲ, ಕಾದು ಕಾದು ಟೈಮ್‌ಔಟ್ ಆಗುತ್ತದೆ.

ರಿಲೇ ಡಿನೈಡ್ ಯಾಕೆ: ಮನೆ ಕಂಪನಿಯ ಸರ್ವರ್ ನಿಮ್ಮನ್ನು ಗುರುತು ಹಿಡಿಯುವುದು ಐಪಿ ವಿಳಾಸ ನೋಡಿ ಮಾತ್ರ. ಅವರ ಜಾಲದ ಹೊರಗಿನಿಂದ ಬಂದರೆ ನೀವು ದಾರಿಹೋಕರು. ದಾರಿಹೋಕರ ಮೇಲ್ ಅನ್ನು ಮೂರನೆಯವರಿಗೆ ತಲುಪಿಸುವ ಸರ್ವರ್ ಇದ್ದರೆ ಅದಕ್ಕೆ ಓಪನ್ ರಿಲೇ ಎನ್ನುತ್ತಾರೆ, ಅಂಥದ್ದು ಬೇಗನೆ ಕಪ್ಪುಪಟ್ಟಿ ಸೇರುತ್ತದೆ. ಅವರು ತಿರಸ್ಕರಿಸಿದ್ದು ಸರಿಯೇ.

ಪಿಬಿಎಲ್ ಯಾಕೆ: ಅದು ಅಪರಾಧಿಗಳ ಪಟ್ಟಿ ಅಲ್ಲ. 'ಈ ವಿಳಾಸಗಳಿಂದ ನೇರವಾಗಿ ಮೇಲ್ ಬರುವ ನಿರೀಕ್ಷೆ ಇಲ್ಲ' ಎಂದು ಗುರುತಿಸಿದ ಐಪಿ ಶ್ರೇಣಿಗಳ ಪಟ್ಟಿ. ಮೊಬೈಲ್, ಮನೆ ಸಂಪರ್ಕಗಳ ಬಹುಪಾಲು ವಿಳಾಸಗಳು ಅದರಲ್ಲಿ ಇರುತ್ತವೆ, ಇರಲೇಬೇಕು. ಅಲ್ಲಿಂದ ಹೆಸರು ತೆಗೆಸಲು ಓಡಾಡಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ಸ್ಪ್ಯಾಮ್ ಫೋಲ್ಡರ್ ಕಥೆಯೂ ಇಷ್ಟೇ. ನಿಮ್ಮ ಡೊಮೇನ್‌ನ ಎಸ್‌ಪಿಎಫ್ ದಾಖಲೆಯಲ್ಲಿ (ಡೊಮೇನ್ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಯಾರದೋ ಹಾಟ್‌ಸ್ಪಾಟ್ ವಿಳಾಸ ಇರಲು ಸಾಧ್ಯವಿಲ್ಲ, ಡಿಕಿಮ್ ಎಂಬ ಡಿಜಿಟಲ್ ಸಹಿ ಹಾಕುವ ಕೀಲಿ ಲ್ಯಾಪ್‌ಟಾಪಿನಲ್ಲಿ ಇಲ್ಲ. ತಲುಪಿದ ಕಡೆ, ಇವನ್ನು ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಎರಡೂ ಫೇಲು.

ಪರಿಹಾರ: ಲ್ಯಾಪ್‌ಟಾಪ್ ಯಾವ ಜಾಲದಲ್ಲಿದ್ದರೂ, ಮನೆಯಲ್ಲಿದ್ದಾಗಲೂ, ನಿಮ್ಮದೇ ವಿಪಿಎಸ್‌ಗೆ ಹೆಸರು ಪಾಸ್‌ವರ್ಡ್ ಕೊಟ್ಟು ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಮೂಲಕ ಮೇಲ್ ಒಪ್ಪಿಸಬೇಕು. ಮುಂದೆ ಲೋಕಕ್ಕೆ ಹಂಚುವುದು ಸರ್ವರ್‌ನ ಕೆಲಸ. ಅದರ ಐಪಿ ಬದಲಾಗುವುದಿಲ್ಲ, ಎಸ್‌ಪಿಎಫ್ ಅದಕ್ಕೇ ಇದೆ, ಡಿಕಿಮ್ ಅಲ್ಲೇ ಬೀಳುತ್ತದೆ. ಮನೆಯಲ್ಲಿ ಒಂದು ದಾರಿ, ಹೊರಗೆ ಇನ್ನೊಂದು ಅಂತ ಇಟ್ಟುಕೊಂಡರೆ ದಿನವೂ ಬಳಸದ ದಾರಿ ಮುರಿದಿದ್ದೇ ಗೊತ್ತಾಗುವುದಿಲ್ಲ.

ಥಂಡರ್‌ಬರ್ಡ್‌ನಲ್ಲಿ ಹೊರಹೋಗುವ ಸರ್ವರ್: ಪೋರ್ಟ್ 465, ಭದ್ರತೆ 'ಎಸ್‌ಎಸ್‌ಎಲ್/ಟಿಎಲ್‌ಎಸ್', ದೃಢೀಕರಣ 'ನಾರ್ಮಲ್ ಪಾಸ್‌ವರ್ಡ್'. ಟಿಎಲ್‌ಎಸ್ ಒಳಗೆ ಹೋಗುವುದರಿಂದ ಸಾದಾ ಪಾಸ್‌ವರ್ಡ್ ಎಂದು ಗಾಬರಿ ಬೇಡ. 587 ಆದರೆ 'ಸ್ಟಾರ್ಟ್‌ಟಿಎಲ್‌ಎಸ್', ಅಂದರೆ ಬಯಲಲ್ಲಿ ಶುರುವಾಗಿ ಆಮೇಲೆ ಗೂಢಲಿಪಿಗೆ ಬದಲಾಗುವುದು. 465ಕ್ಕೆ 'ಸ್ಟಾರ್ಟ್‌ಟಿಎಲ್‌ಎಸ್' ಹಾಕಿದರೆ ದೋಷದ ಸಂದೇಶವೂ ಬಾರದೆ ಸುಮ್ಮನೆ ನೇತಾಡುತ್ತದೆ: 465ರಲ್ಲಿ ಸರ್ವರ್ ನಿಮ್ಮ ಟಿಎಲ್‌ಎಸ್ ಹಲೋಗೆ ಕಾಯುತ್ತದೆ, ನೀವು ಅದರ '220' ಸಾಲಿಗೆ ಕಾಯುತ್ತೀರಿ.

ಎರಡರಲ್ಲಿ ಯಾವುದು? ನನ್ನ ಓಟು 465ಕ್ಕೆ. 1990ರ ದಶಕದಲ್ಲಿ ನೋಂದಣಿಯಾಗಿ ರದ್ದಾದ ಪೋರ್ಟ್ ಅದು. 2018ರ ಆರ್‌ಎಫ್‌ಸಿ 8314 ಮತ್ತೆ ಮಾನ್ಯತೆ ಕೊಟ್ಟು, ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್ ಇರಲಿ ಎಂದು ಶಿಫಾರಸು ಮಾಡಿದೆ. 587ರಲ್ಲಿ ಮೊದಲ ಕೆಲವು ಸಾಲು ಬಯಲಲ್ಲೇ ನಡೆಯುತ್ತವೆ. ಕೆಲವು ಫೈರ್‌ವಾಲ್‌ಗಳು ಆ ಸಾಲುಗಳಲ್ಲಿ ಕೈಯಾಡಿಸಿ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಪದವನ್ನೇ ಅಳಿಸುತ್ತವೆ. ಇಎಚ್‌ಎಲ್‌ಒ (ಕ್ಲೈಂಟ್‌ನ ಮೊದಲ ನಮಸ್ಕಾರ) ಉತ್ತರದಲ್ಲಿ ಆ ಜಾಗದಲ್ಲಿ ಸಾಲಾಗಿ 'ಎಕ್ಸ್' ಅಕ್ಷರಗಳು ಕಂಡರೆ ಅದೇ ಕೈಚಳಕ. 465ರಲ್ಲಿ ಅಳಿಸಲು ಏನೂ ಇರುವುದಿಲ್ಲ. ಆದರೂ ಸರ್ವರ್‌ನಲ್ಲಿ ಎರಡನ್ನೂ ತೆರೆದಿಡಿ, ಒಂದು ಮುಚ್ಚಿದ ಜಾಲದಲ್ಲಿ ಇನ್ನೊಂದು ಸಿಗುವುದುಂಟು.

ಜಿಮೇಲ್‌ನಂಥ ಸೇವೆ ಬಳಸುವವರಿಗೂ ಇದೇ ಪೋರ್ಟ್‌ಗಳು. ಪ್ರೋಗ್ರಾಂಗಳಿಗೆ ಮಾತ್ರ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಹೊರಡುವ ಮೊದಲೇ ಪಡೆದಿಡಿ. ಪರದೇಶದಲ್ಲಿ ಸಿಮ್ ಕೆಲಸ ಮಾಡದಿದ್ದರೆ ಎಸ್‌ಎಂಎಸ್ ಕೋಡ್ ಬರುವುದಿಲ್ಲ.

---

ಕ್ಯೂನಲ್ಲಿ_ನಿಂತವ

ಎರಡನೇ ಬೇಡಿಕೆಗೆ ನಾನು. ಥಂಡರ್‌ಬರ್ಡ್ ಒಂದೇ ಆಗಿದ್ದರೆ ಕಂಟ್ರೋಲ್-ಶಿಫ್ಟ್-ಎಂಟರ್ ಒತ್ತಿ ಔಟ್‌ಬಾಕ್ಸ್‌ಗೆ ಹಾಕಿ, ಜಾಲ ಸಿಕ್ಕಾಗ ಫೈಲ್ ಮೆನುವಿನಿಂದ 'ಸೆಂಡ್ ಅನ್‌ಸೆಂಟ್ ಮೆಸೇಜಸ್' ಒತ್ತಿದರೆ ಆಯಿತು. ಕ್ರಾನ್, ಗಿಟ್ ಕೂಡ ಇರುವುದರಿಂದ ಪೋಸ್ಟ್‌ಫಿಕ್ಸ್ ಕ್ಯೂ ಬೇಕು. ಎಂಎಸ್‌ಎಂಟಿಪಿ ಎಂಬ ಇನ್ನೊಂದು ಪ್ರೋಗ್ರಾಂ ಹಗುರ, ಆದರೆ ಅದು ಆ ಕ್ಷಣಕ್ಕೆ ಕಳಿಸುತ್ತದೆ ಇಲ್ಲವೇ ಸೋಲುತ್ತದೆ. ಸರದಿ ಬೇಕೆಂದರೆ ಜತೆಗೆ ಬರುವ ಎಂಎಸ್‌ಎಂಟಿಪಿಕ್ಯೂ ಸ್ಕ್ರಿಪ್ಟ್ ಕಟ್ಟಿಕೊಳ್ಳಬೇಕು.

ಮೇನ್.ಸಿಎಫ್ ಕಡತದಲ್ಲಿ ಬೇಕಾದವು, ಇಲ್ಲಿ ಹೆಸರು ಕನ್ನಡದಲ್ಲಿ ಬರೆಯುತ್ತೇನೆ, ಕಡತದಲ್ಲಿ ಪದಗಳ ನಡುವೆ ಅಡಿಗೆರೆ ಬರುತ್ತದೆ:

ರಿಲೇಹೋಸ್ಟ್: ಚೌಕ ಕಂಸದಲ್ಲಿ ಸರ್ವರ್ ಹೆಸರು, ಆಮೇಲೆ ಕೋಲನ್ 465. ಚೌಕ ಕಂಸ ಬಿಟ್ಟರೆ ಪೋಸ್ಟ್‌ಫಿಕ್ಸ್ ಎಂಎಕ್ಸ್ ದಾಖಲೆ (ಡೊಮೇನ್‌ನ ಒಳಬರುವ ಮೇಲ್ ಸರ್ವರ್ ಯಾವುದು ಎಂಬುದು) ಹುಡುಕಿಕೊಂಡು ಹೋಗುತ್ತದೆ. ಪಾಸ್‌ವರ್ಡ್ ಕಡತದ ಮೊದಲ ಕಲಂನಲ್ಲೂ ಇದೇ ಪಠ್ಯ, ಕಂಸ ಪೋರ್ಟ್ ಸಮೇತ, ಅಕ್ಷರ ತಪ್ಪದೆ ಇರಬೇಕು. ಇಲ್ಲದಿದ್ದರೆ ಪಾಸ್‌ವರ್ಡ್ ಸಿಗದೆ ದೃಢೀಕರಣವಿಲ್ಲದೇ ಹೋಗಿ ಮತ್ತದೇ 554. ಕಡತ ತಿದ್ದಿದ ಮೇಲೆ ಪೋಸ್ಟ್‌ಮ್ಯಾಪ್ ಓಡಿಸಿ, ಅನುಮತಿ 600 (ಒಡೆಯನಿಗೆ ಮಾತ್ರ) ಮಾಡಿ.

ಎಸ್‌ಎಂಟಿಪಿ ಟಿಎಲ್‌ಎಸ್ ರ‍್ಯಾಪರ್‌ಮೋಡ್: ಯೆಸ್. ಇದು 465ಕ್ಕೆ ಮಾತ್ರ, ಪೋಸ್ಟ್‌ಫಿಕ್ಸ್ 3.0ರಿಂದ ಇದೆ. ಅದಕ್ಕಿಂತ ಹಳೆಯದಾದರೆ 587.

ಎಸ್‌ಎಂಟಿಪಿ ಟಿಎಲ್‌ಎಸ್ ಸೆಕ್ಯುರಿಟಿ ಲೆವೆಲ್: 'ಸೆಕ್ಯೂರ್'. ಹೆಚ್ಚಿನ ಕಡೆ 'ಎನ್‌ಕ್ರಿಪ್ಟ್' ಎಂದು ಬರೆದಿರುತ್ತಾರೆ. ಓಡಾಡುವ ಯಂತ್ರಕ್ಕೆ ಅದು ಸಾಲದು. 'ಎನ್‌ಕ್ರಿಪ್ಟ್' ಗೂಢಲಿಪಿ ಇದೆಯೇ ಎಂದಷ್ಟೇ ನೋಡುತ್ತದೆ, ಎದುರಿಗಿರುವುದು ಯಾರು ಎಂದು ನೋಡುವುದಿಲ್ಲ. ಮಧ್ಯೆ ಕೂತ ಯಾವ ಯಂತ್ರವಾದರೂ ತನ್ನದೊಂದು ಸರ್ಟಿಫಿಕೇಟ್ ತೋರಿಸಿ ಪಾಸ್‌ವರ್ಡ್ ಇಸಿದುಕೊಳ್ಳಬಹುದು. 'ಸೆಕ್ಯೂರ್' ಇಟ್ಟರೆ ಎಸ್‌ಎಂಟಿಪಿ ಟಿಎಲ್‌ಎಸ್ ಸಿಎಫೈಲ್‌ಗೆ ಸಿಸ್ಟಂನ ಸರ್ಟಿಫಿಕೇಟ್ ಕಟ್ಟಿನ ದಾರಿ ಕೊಡಲೇಬೇಕು.

ಎಸ್‌ಎಂಟಿಪಿ ಎಸ್‌ಎಎಸ್‌ಎಲ್ ಆಥ್ ಎನೇಬಲ್: ಯೆಸ್. ಎಸ್‌ಎಂಟಿಪಿ ಎಸ್‌ಎಎಸ್‌ಎಲ್ ಸೆಕ್ಯುರಿಟಿ ಆಪ್ಷನ್ಸ್: 'ನೋಅನಾನಿಮಸ್' ಒಂದೇ. ಮೂಲ ಬೆಲೆಯಲ್ಲಿ (ನೀವೇನೂ ಹಾಕದಿದ್ದಾಗ ಇರುವುದು) 'ನೋಪ್ಲೇನ್‌ಟೆಕ್ಸ್ಟ್' ಕೂಡ ಇರುತ್ತದೆ. ಅದನ್ನು ತೆಗೆಯದಿದ್ದರೆ ಲಾಗ್‌ನಲ್ಲಿ 'ನೋ ವರ್ದಿ ಮೆಕ್ಸ್ ಫೌಂಡ್' ಎಂಬ ಒಗಟು ಬರುತ್ತದೆ. ಡೆಬಿಯನ್ ಬಳಗದ ಲಿನಕ್ಸ್‌ಗಳಲ್ಲಿ ಲಿಬ್‌ಸಾಸ್ಲ್2-ಮಾಡ್ಯೂಲ್ಸ್ ಪ್ಯಾಕೇಜ್ ಇಲ್ಲದಿದ್ದರೂ ಇದೇ ಸಂದೇಶ.

ಐನೆಟ್ ಇಂಟರ್‌ಫೇಸಸ್: 'ಲೂಪ್‌ಬ್ಯಾಕ್-ಓನ್ಲಿ'. ಅತಿಥಿ ಜಾಲದಲ್ಲಿ ಕೂತವರಿಗೆಲ್ಲ ನಿಮ್ಮ ಪೋರ್ಟ್ 25 ಕಾಣುವ ಅಗತ್ಯವಿಲ್ಲ.

ಇನ್ನು ಜಾಲ ಬದಲಾದಾಗ ಆಗುವ ಮುಖ್ಯ ಎಡವಟ್ಟು. ಡೆಬಿಯನ್ ಬಳಗದ ಹಲವು ಆವೃತ್ತಿಗಳಲ್ಲಿ ಎಸ್‌ಎಂಟಿಪಿ ಕ್ಲೈಂಟ್ ಕ್ರೂಟ್ (ಒಂದು ಫೋಲ್ಡರಿನ ಆಚೆ ಏನೂ ಕಾಣದ ಬೇಲಿ) ಒಳಗೆ ಓಡುತ್ತದೆ, ಅದಕ್ಕೆ ಕಾಣುವುದು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಅಡಿಯ ರಿಸಾಲ್ವ್.ಕಾನ್ಫ್ (ಡಿಎನ್‌ಎಸ್ ಸರ್ವರ್‌ನ ವಿಳಾಸ ಇರುವ ಕಡತ) ನಕಲು. ಅದು ಪೋಸ್ಟ್‌ಫಿಕ್ಸ್ ಶುರುವಾದಾಗಿನ ನಕಲು. ನೀವು ಹೋಟೆಲ್‌ನಿಂದ ಹೊರಟು ಬೇರೆ ಜಾಲ ಹಿಡಿದರೂ ಅದು ಹೋಟೆಲ್‌ನ ಡಿಎನ್‌ಎಸ್ ಅನ್ನೇ ಕೇಳುತ್ತ ಕೂರುತ್ತದೆ. ಬ್ರೌಸರ್ ಚೆನ್ನಾಗಿ ಓಡುತ್ತಿದ್ದು, ಮೇಲ್ ಮಾತ್ರ 'ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್' ಎಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಮಾಸ್ಟರ್.ಸಿಎಫ್‌ನಲ್ಲಿ ಎಸ್‌ಎಂಟಿಪಿ ಮತ್ತು ರಿಲೇ ಸಾಲುಗಳ ಕ್ರೂಟ್ ಕಲಂಗೆ 'ಎನ್' ಹಾಕಿ ಪೋಸ್ಟ್‌ಫಿಕ್ಸ್ ಮರುಚಾಲನೆ ಮಾಡಿ. ಸಿಸ್ಟಂಡಿ-ರಿಸಾಲ್ವ್‌ಡಿ ಇದ್ದು ಕಡತದಲ್ಲಿ ಯಾವಾಗಲೂ 127.0.0.53 ಇದ್ದರೆ ಈ ರಗಳೆ ಇಲ್ಲ.

ತಾನಾಗಿ ಹೋಗಬೇಕು ಅಂದರೆ: ಪೋಸ್ಟ್‌ಫಿಕ್ಸ್ ಸೋತ ಮೇಲ್ ಅನ್ನು 300 ಸೆಕೆಂಡಿನ ನಂತರ ಮತ್ತೆ ಯತ್ನಿಸಿ, ಅಂತರ ಹಿಗ್ಗಿಸುತ್ತ 4000 ಸೆಕೆಂಡಿಗೆ ಒಯ್ಯುತ್ತದೆ. ಅಂದರೆ ಬಹಳ ಹೊತ್ತು ಜಾಲವಿಲ್ಲದೆ ಇದ್ದರೆ, ಸಿಕ್ಕ ಮೇಲೂ ಒಂದು ಗಂಟೆಯ ಮೇಲೆ ಸುಮ್ಮನೆ ಬಿದ್ದಿರಬಹುದು. ಅದಕ್ಕೆ ನೆಟ್‌ವರ್ಕ್‌ಮ್ಯಾನೇಜರ್‌ನ ಡಿಸ್ಪ್ಯಾಚರ್.ಡಿ ಫೋಲ್ಡರಿನಲ್ಲಿ ಮೂರು ಸಾಲಿನ ಸ್ಕ್ರಿಪ್ಟ್ ಇಡಿ: ಎರಡನೇ ಆರ್ಗ್ಯುಮೆಂಟ್ 'ಕನೆಕ್ಟಿವಿಟಿ-ಚೇಂಜ್' ಆಗಿದ್ದು, ಕನೆಕ್ಟಿವಿಟಿ ಸ್ಟೇಟ್ ಎಂಬ ಪರಿಸರ ಚರದ ಬೆಲೆ 'ಫುಲ್' ಇದ್ದರೆ 'ಪೋಸ್ಟ್‌ಕ್ಯೂ -ಎಫ್' (ಕ್ಯೂನಲ್ಲಿರುವುದನ್ನು ಈಗಲೇ ಕಳಿಸುವ ಆದೇಶ) ಓಡಿಸು. ಬರೀ 'ಅಪ್' ಘಟನೆಗೆ ಕಟ್ಟಬೇಡಿ. ವೈಫೈ ಹತ್ತಿದ ತಕ್ಷಣ 'ಅಪ್' ಬರುತ್ತದೆ, ಆಗಿನ್ನೂ ಲಾಗಿನ್ ಪುಟ ದಾಟಿರುವುದಿಲ್ಲ, ಸ್ಥಿತಿ 'ಪೋರ್ಟಲ್' ಇರುತ್ತದೆ. ಸ್ಕ್ರಿಪ್ಟಿನ ಒಡೆಯ ರೂಟ್ ಆಗಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು, ಇಲ್ಲದಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಓಡಿಸುವುದೇ ಇಲ್ಲ.

ಇದರ ಜೊತೆ 'ಡಿಫರ್ ಟ್ರಾನ್ಸ್‌ಪೋರ್ಟ್ಸ್' ಎಂಬಲ್ಲಿ ಎಸ್‌ಎಂಟಿಪಿ ಮತ್ತು ರಿಲೇ ಎಂದು ಕೊಟ್ಟರೆ, ಹೇಳುವ ತನಕ ಪೋಸ್ಟ್‌ಫಿಕ್ಸ್ ಏನೂ ಕಳಿಸುವುದಿಲ್ಲ. ಡಯಲ್‌ಅಪ್ ಕಾಲದ ಸೌಲಭ್ಯ. ಈಗ ಬಹುಪಾಲು ಹೊತ್ತು ಜಾಲ ಇರುವುದರಿಂದ ನಾನು ಇದನ್ನು ಹಾಕಿ ಎನ್ನುವುದಿಲ್ಲ.

ಕ್ರಾನ್ ಮೇಲ್‌ಗಳ ಕಳುಹಿಸುವವರ ವಿಳಾಸ 'ಬಳಕೆದಾರ@ಲ್ಯಾಪ್‌ಟಾಪ್‌ಹೆಸರು' ಅಂತ ಇರುತ್ತದೆ. ಅಂಥ ಡೊಮೇನ್ ಲೋಕದಲ್ಲಿ ಇಲ್ಲ, ನಿಮ್ಮ ಸರ್ವರ್ 'ಸೆಂಡರ್ ಅಡ್ರೆಸ್ ರಿಜೆಕ್ಟೆಡ್' ಎನ್ನಬಹುದು. ಎಸ್‌ಎಂಟಿಪಿ ಜೆನೆರಿಕ್ ಮ್ಯಾಪ್ಸ್ ಬಳಸಿ ಅದನ್ನು ನಿಜವಾದ ವಿಳಾಸಕ್ಕೆ ಬದಲಿಸಿ.

---

ಬೂದುಪಟ್ಟಿ

ಮೇಲಿನದ್ದಕ್ಕೆ ಒಂದು ಆಕ್ಷೇಪ. ಥಂಡರ್‌ಬರ್ಡ್ ಅನ್ನೂ ಲೋಕಲ್‌ಹೋಸ್ಟ್ ಪೋಸ್ಟ್‌ಫಿಕ್ಸ್‌ಗೆ ಕಟ್ಟಬೇಡಿ. ಕಟ್ಟಿದರೆ ಕಳಿಸು ಒತ್ತಿದ ಕೂಡಲೇ 'ಹೋಯಿತು' ಎನ್ನುತ್ತದೆ, ಆದರೆ ಹೋಗಿದ್ದು ನಿಮ್ಮದೇ ಡಿಸ್ಕಿಗೆ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದರೆ ಆ ಮೇಲ್ ಚೀಲದಲ್ಲೇ ಇರುತ್ತದೆ. ಕೈಯಾರೆ ಬರೆದ ಮೇಲ್ ನೇರ ವಿಪಿಎಸ್‌ಗೆ ಹೋಗಲಿ, ಸೋತರೆ ಕಣ್ಣೆದುರು ಸೋಲಲಿ. ಕ್ರಾನ್, ಗಿಟ್ ಮಾತ್ರ ಕ್ಯೂಗೆ.

---

ಕ್ಯೂನಲ್ಲಿ_ನಿಂತವ

ಒಪ್ಪಬಹುದಾದ ಮಾತು, ಆದರೆ ಪ್ರಶ್ನೆ ಕೇಳಿದವರಿಗೆ ಬೇಕಿರುವುದೇ 'ಬರೆದಿಟ್ಟರೆ ತಾನಾಗಿ ಹೋಗಬೇಕು' ಎಂಬುದು. ಕ್ಯೂಗೆ ಕಟ್ಟುವುದಾದರೆ ಮುಚ್ಚಳ ಮುಚ್ಚುವ ಮುನ್ನ 'ಪೋಸ್ಟ್‌ಕ್ಯೂ -ಪಿ' ನೋಡಿ 'ಮೇಲ್ ಕ್ಯೂ ಈಸ್ ಎಂಪ್ಟಿ' ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪ್ಯಾನೆಲ್‌ನಲ್ಲಿ ಕ್ಯೂ ಸಂಖ್ಯೆ ತೋರಿಸುವ ಸಣ್ಣ ಸ್ಕ್ರಿಪ್ಟ್ ಇದ್ದರೆ ಇನ್ನೂ ವಾಸಿ. 'ಡಿಲೇ ವಾರ್ನಿಂಗ್ ಟೈಮ್' ಮೂಲತಃ 0, ಅಂದರೆ ಎಚ್ಚರಿಕೆಯೇ ಬರುವುದಿಲ್ಲ. 5 ದಿನ ಕಳೆದ ಮೇಲೆ ನೇರವಾಗಿ ಬೌನ್ಸ್. ಅದನ್ನು 4 ಗಂಟೆ ಮಾಡಿ. ಆದರೆ ಆ ಎಚ್ಚರಿಕೆಯೂ ಮೇಲ್ ಆಗಿಯೇ ಬರುವುದು, ರಿಲೇ ದಾರಿಯೇ ಕೆಟ್ಟಿದ್ದರೆ ಅದೂ ಅದೇ ಕ್ಯೂನಲ್ಲಿ ನಿಲ್ಲುತ್ತದೆ. ಹಾಗಾಗಿ ಪೋಸ್ಟ್‌ಕ್ಯೂ ನೋಡುವ ಅಭ್ಯಾಸಕ್ಕೆ ಬದಲಿ ಇಲ್ಲ.

---

ಸಂಚಾರಿ_ಪೆಟ್ಟಿಗೆ

ಎಲ್ಲರಿಗೂ ಧನ್ಯವಾದ. 465 ಮತ್ತು ಕ್ಯೂ ಎರಡೂ ಹಾಕಿ ಆಯಿತು, ಥಂಡರ್‌ಬರ್ಡ್ ನೇರ ವಿಪಿಎಸ್‌ಗೆ. ಈಗ ಉಳಿದಿರುವುದು:

ಒಂದು ಜಾಲದಿಂದ ಪಾಸ್‌ವರ್ಡ್ ಸರಿ ಇದ್ದರೂ ನನ್ನದೇ ಸರ್ವರ್ 554 ಕೊಟ್ಟು ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯ ಹೆಸರು ಹೇಳುತ್ತದೆ. ಇನ್ನೊಂದರಲ್ಲಿ ಚಿಕ್ಕ ಮೇಲ್ ಕ್ಷಣದಲ್ಲಿ ಹೋಗುತ್ತದೆ, 6 ಎಂಬಿ ಪಿಡಿಎಫ್ ಇದ್ದರೆ ಪ್ರಗತಿ ಪಟ್ಟಿ ಶುರುವಿನಲ್ಲೇ ನಿಂತು ಟೈಮ್‌ಔಟ್. ಒಬ್ಬರಿಗೆ ಒಂದೇ ಮೇಲ್ ಎರಡು ಸಲ ತಲುಪಿದೆ.

---

ಹಳೇಟಪಾಲು

ಮೊದಲನೆಯದು ಸರ್ವರ್ ಕಡೆಯ ಸೆಟ್ಟಿಂಗ್. ಕಪ್ಪುಪಟ್ಟಿ ತಪಾಸಣೆ ಇರಬೇಕಾದದ್ದು ಪೋರ್ಟ್ 25ರಲ್ಲಿ, ಅಪರಿಚಿತ ಸರ್ವರ್‌ಗಳಿಗೆ. ನಿಮ್ಮಲ್ಲಿ ಅದು ಮೇನ್.ಸಿಎಫ್‌ನಲ್ಲಿ ಎಲ್ಲಕ್ಕೂ ಅನ್ವಯಿಸುವಂತೆ ಇದೆ, ಅದಕ್ಕೇ ಪಾಸ್‌ವರ್ಡ್ ಕೊಟ್ಟ ಒಡೆಯನನ್ನೂ ಬಾಗಿಲಲ್ಲೇ ತಡೆಯುತ್ತಿದೆ. ಝೆನ್ ಪಟ್ಟಿಯೊಳಗೆ ಪಿಬಿಎಲ್ ಸೇರಿದೆ, ಉತ್ತರ 127.0.0.10 ಅಥವಾ 127.0.0.11 ಬಂದರೆ ಅದು ಪಿಬಿಎಲ್ ಭಾಗವೇ. ಸರ್ವರ್‌ನ ಮಾಸ್ಟರ್.ಸಿಎಫ್‌ನಲ್ಲಿ ಸಬ್‌ಮಿಷನ್ (587) ಮತ್ತು 465ರ ಸೇವೆಗಳ ಕೆಳಗೆ '-ಓ' ಸಾಲುಗಳಲ್ಲಿ ಕ್ಲೈಂಟ್ ಮತ್ತು ರಿಲೇ ನಿರ್ಬಂಧಗಳನ್ನು 'ಪರ್ಮಿಟ್ ಎಸ್‌ಎಎಸ್‌ಎಲ್ ಆಥೆಂಟಿಕೇಟೆಡ್, ರಿಜೆಕ್ಟ್' ಎಂದು ಮೇಲ್ಬರೆಯಿರಿ; ಹೆಲೋ, ಸೆಂಡರ್, ರೆಸಿಪಿಯಂಟ್ ನಿರ್ಬಂಧಗಳಲ್ಲಿ ಪಟ್ಟಿ ತಪಾಸಣೆ ಬಿದ್ದಿದ್ದರೆ ಅಲ್ಲಿಂದಲೂ ತೆಗೆಯಿರಿ. ಹೆಲೋ ಹೆಸರಿನ ಪರೀಕ್ಷೆಯೂ ಇಲ್ಲಿ ಬೇಡ. ಮೇಲ್ ಕ್ಲೈಂಟ್‌ಗಳು ಹೆಲೋದಲ್ಲಿ 192.168 ಸರಣಿಯ ಖಾಸಗಿ ವಿಳಾಸ ಹೇಳುವುದು ಸಹಜ.

ಜೊತೆಗೆ ಫೇಲ್2ಬ್ಯಾನ್ (ಪದೇ ಪದೇ ಲಾಗಿನ್ ಸೋತ ಐಪಿಯನ್ನು ತಡೆಯುವ ಪ್ರೋಗ್ರಾಂ) ಇದ್ದರೆ ಗಮನಿಸಿ. ಮೂಲ ಲೆಕ್ಕ 10 ನಿಮಿಷದಲ್ಲಿ 5 ಸೋಲಿಗೆ 10 ನಿಮಿಷ ನಿಷೇಧ. ಪಾಸ್‌ವರ್ಡ್ ಬದಲಿಸಿ ಫೋನಿನ ಮೇಲ್ ಆ್ಯಪ್‌ನಲ್ಲಿ ಹಾಕಲು ಮರೆತರೆ, ಆ ಫೋನ್ ಹಳೆಯದನ್ನೇ ಬಡಿದು ಬಡಿದು, ಅದೇ ವೈಫೈ ಹಿಂದಿರುವ ಲ್ಯಾಪ್‌ಟಾಪನ್ನೂ ಸೇರಿಸಿ ಬ್ಯಾನ್ ಮಾಡಿಸುತ್ತದೆ. ಹೊರಗೆ ಅದು ಟೈಮ್‌ಔಟ್ ಆಗಿ ಕಾಣುತ್ತದೆ, ಜನ ಜಾಲವನ್ನು ಬೈಯುತ್ತಾರೆ. ಹಾಟ್‌ಸ್ಪಾಟ್‌ಗೆ ಬದಲಾದ ತಕ್ಷಣ ಸರಿಹೋದರೆ ಸರ್ವರ್‌ನ ಬ್ಯಾನ್ ಪಟ್ಟಿ ನೋಡಿ.

---

ಏಳುಪದರ

ಎರಡನೆಯದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆಯ ಲಕ್ಷಣ, ಮೇಲ್ ಗಾತ್ರದ ಮಿತಿ ಅಲ್ಲ. ಗಾತ್ರ ಮೀರಿದರೆ ಸರ್ವರ್ 552 ಎಂದು ಸ್ಪಷ್ಟವಾಗಿ ಹೇಳುತ್ತದೆ. (ಆ ಲೆಕ್ಕವೂ ಗೊತ್ತಿರಲಿ: ಲಗತ್ತು ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿ ಸುಮಾರು 37% ಉಬ್ಬುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಮಿತಿ 1,02,40,000 ಬೈಟ್, ಹಾಗಾಗಿ 7.5 ಎಂಬಿ ಕಡತಕ್ಕೇ ಅದು ತುಂಬಿಹೋಗುತ್ತದೆ. 6 ಎಂಬಿ ಸುಮಾರು 8.2 ಆಗುತ್ತದೆ, ನಿಮ್ಮದು ಒಳಗೇ ಇದೆ.)

ಆಗುತ್ತಿರುವುದು ಇಷ್ಟು. ದಾರಿಯಲ್ಲಿ ಎಲ್ಲೋ 1500 ಬೈಟ್ ಹಿಡಿಸದ ಕೊಂಡಿ ಇದೆ, ಪಿಪಿಪಿಒಇ ಆದರೆ 1492, ಯಾವುದಾದರೂ ಟನಲ್ ಆದರೆ ಇನ್ನೂ ಕಡಿಮೆ. ಆ ರೂಟರ್ 'ಚಿಕ್ಕದು ಮಾಡಿ ಕಳಿಸು' ಎಂದು ಐಸಿಎಂಪಿ ಸಂದೇಶ ಕಳಿಸಬೇಕು, ಫೈರ್‌ವಾಲ್ ಐಸಿಎಂಪಿಯನ್ನೇ ನುಂಗಿದೆ. ಲಾಗಿನ್, ಚಿಕ್ಕ ಮೇಲ್‌ಗಳ ಪ್ಯಾಕೆಟ್‌ಗಳು ಪುಟ್ಟವು, ದಾಟುತ್ತವೆ. ಲಗತ್ತು ಬಂದಾಗ ತುಂಬು ಗಾತ್ರದ ಪ್ಯಾಕೆಟ್‌ಗಳು ಹೊರಟು ಅಲ್ಲೇ ಸಾಯುತ್ತವೆ, ಲ್ಯಾಪ್‌ಟಾಪ್ ಅವನ್ನೇ ಮತ್ತೆ ಮತ್ತೆ ಕಳಿಸುತ್ತದೆ.

ಪರೀಕ್ಷೆ: ತುಂಡರಿಸಬೇಡ ಎಂಬ ಆಯ್ಕೆಯೊಂದಿಗೆ ಪಿಂಗ್ ಮಾಡಿ, ಗಾತ್ರ 1472. ಹೆಡರ್‌ನ 28 ಸೇರಿ 1500. ಉತ್ತರ ಬಾರದಿದ್ದರೆ 1372ಕ್ಕೆ ಇಳಿಸಿ. 1372 ಬಂದು 1472 ಬಾರದಿದ್ದರೆ ರೋಗ ಖಚಿತ. ಎರಡೂ ಬಾರದಿದ್ದರೆ ಪಿಂಗ್ ಅನ್ನೇ ತಡೆದಿದ್ದಾರೆ, ಏನೂ ತೀರ್ಮಾನಿಸಬೇಡಿ. ತಾತ್ಕಾಲಿಕ ಪರಿಹಾರ ವೈಫೈ ಇಂಟರ್‌ಫೇಸಿನ ಎಂಟಿಯು 1400ಕ್ಕೆ ಇಳಿಸುವುದು, ಅದೂ ಸಾಲದಿದ್ದರೆ 1280. ಶಾಶ್ವತವಾಗಿ ಬೇಕಿದ್ದರೆ ಸಿಸ್‌ಸಿಟಿಎಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್) ಟಿಸಿಪಿ ಎಂಟಿಯು ಪ್ರೋಬಿಂಗ್ ಬೆಲೆ 1 ಮಾಡಿ. ಮೂಲತಃ 0 ಇರುತ್ತದೆ. ಕರ್ನಲ್ ಇಂಥ ಕಪ್ಪುಕುಳಿ ಗುರುತಿಸಿ ತಾನೇ ಗಾತ್ರ ಕುಗ್ಗಿಸುತ್ತದೆ. ಓಡಾಡುವ ಲ್ಯಾಪ್‌ಟಾಪಿಗೆ ಇದನ್ನು ಹಾಕಿಬಿಡುವುದೇ ಒಳ್ಳೆಯದು.

ಎರಡು ಸಲ ತಲುಪಿದ್ದಕ್ಕೆ ಎಸ್‌ಎಂಟಿಪಿಯ ಸ್ವಭಾವವೇ ಕಾರಣ, 1988ರ ಆರ್‌ಎಫ್‌ಸಿ 1047 ಬರೆದಿರುವುದೇ ಇದರ ಬಗ್ಗೆ. ಮೇಲ್‌ನ ಕೊನೆಯ ಚುಕ್ಕಿ ಕಳಿಸಿದ ಮೇಲೆ ಸರ್ವರ್ '250' ಎನ್ನುವವರೆಗೆ ಒಂದು ಸಂದು ಇದೆ. ಆ ಸಂದಿನಲ್ಲಿ ಸಂಪರ್ಕ ಕಡಿದರೆ ಸರ್ವರ್ ಲೆಕ್ಕದಲ್ಲಿ ಮೇಲ್ ಬಂದಿದೆ, ಕ್ಲೈಂಟ್ ಲೆಕ್ಕದಲ್ಲಿ ಹೋಗಿಲ್ಲ. ಮತ್ತೆ ಕಳಿಸುತ್ತದೆ. ಸರ್ವರ್‌ನಲ್ಲಿ ವೈರಸ್, ಸ್ಪ್ಯಾಮ್ ಶೋಧಕಗಳು ಉತ್ತರ ಕೊಡುವ ಮೊದಲೇ ಓಡುವಂತಿದ್ದರೆ ಆ ಸಂದು ಅಗಲವಾಗುತ್ತದೆ. ಪೋಸ್ಟ್‌ಫಿಕ್ಸ್ ಅಲ್ಲಿ 600 ಸೆಕೆಂಡ್ ಕಾಯುತ್ತದೆ, ಥಂಡರ್‌ಬರ್ಡ್‌ನ ಟಿಸಿಪಿ ಕಾಯುವಿಕೆ ಮೂಲತಃ 100 ಸೆಕೆಂಡ್. ನಿಧಾನದ ಜಾಲಗಳಿಗಾಗಿ ಸಂರಚನಾ ಸಂಪಾದಕದಲ್ಲಿ ಮೇಲ್‌ನ್ಯೂಸ್.ಟಿಸಿಪಿಟೈಮ್‌ಔಟ್ ಅನ್ನು 300 ಮಾಡಿ. ಸರ್ವರ್ ನಿಮ್ಮದೇ ಆದ್ದರಿಂದ ಸಬ್‌ಮಿಷನ್ ಮೇಲಿನ ಶೋಧಕ ತೆಗೆದರೂ ಆದೀತು.

ಹಾಗೆಯೇ, ನಡುವೆ ಕಡಿದ ಅಪ್‌ಲೋಡ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಪ್ರತಿಸಲ ಮೊದಲಿನಿಂದ. 512 ಕೆಬಿಪಿಎಸ್ ಅಪ್‌ಲೋಡ್‌ನಲ್ಲಿ 8.2 ಎಂಬಿಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕು. ಬಸ್ಸು ರೈಲಿನಲ್ಲಿ ದೊಡ್ಡ ಲಗತ್ತು ಬಿಟ್ಟು, ಕಡತವನ್ನು ಆರ್‌ಸಿಂಕ್‌ನಿಂದ ಸರ್ವರ್‌ಗೆ ಏರಿಸಿ ಕೊಂಡಿ ಕಳಿಸುವುದು ಜಾಣತನ. ಅದು ಅರ್ಧದಿಂದ ಮುಂದುವರಿಯಬಲ್ಲದು.

---

ಬೂದುಪಟ್ಟಿ

ಲಾಗಿನ್ ಪುಟವಿರುವ ವೈಫೈ ಬಗ್ಗೆ ಯಾರೂ ಬರೆದಿಲ್ಲ. ಲಾಗಿನ್ ಆಗುವ ಮೊದಲು ಥಂಡರ್‌ಬರ್ಡ್ ತೆರೆದರೆ 'ಸರ್ಟಿಫಿಕೇಟ್ ಹೆಸರು ಹೊಂದುತ್ತಿಲ್ಲ, ವಿನಾಯಿತಿ ಕೊಡುವಿರಾ' ಎಂಬ ಪೆಟ್ಟಿಗೆ ಏಳಬಹುದು. ಕೊಡಲೇಬೇಡಿ. ಕೊಟ್ಟರೆ ಅದು ಶಾಶ್ವತವಾಗಿ ಉಳಿಯುವಂತೆ ಗುರುತು ಹಾಕಿರುತ್ತದೆ, ಪಾಸ್‌ವರ್ಡ್ ಯಾರದೋ ಪೆಟ್ಟಿಗೆಗೆ ಹೋಗುತ್ತದೆ. ರದ್ದು ಮಾಡಿ, ಬ್ರೌಸರಿನಲ್ಲಿ ಎಚ್‌ಟಿಟಿಪಿ ಪುಟವೊಂದನ್ನು ತೆರೆದು ಲಾಗಿನ್ ಮುಗಿಸಿ, ಆಮೇಲೆ ಮೇಲ್. ಈಗಾಗಲೇ ಕೊಟ್ಟವರು ಸೆಟ್ಟಿಂಗ್ಸ್‌ನ ಗೌಪ್ಯತೆ ಭಾಗದಲ್ಲಿ ಸರ್ಟಿಫಿಕೇಟ್ ನಿರ್ವಹಣೆ, ಸರ್ವರ್ಸ್ ಟ್ಯಾಬ್‌ಗೆ ಹೋಗಿ ಅಳಿಸಿ, ಪಾಸ್‌ವರ್ಡ್ ಬದಲಿಸಿ.

ಲಾಗಿನ್ ಆದಮೇಲೂ ಸರ್ಟಿಫಿಕೇಟ್ ತಕರಾರು ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಸತ್ತು ತಾರೀಕು ಹಿಂದೆ ಹೋಗಿದ್ದರೆ ಯಾವ ಸರ್ಟಿಫಿಕೇಟೂ 'ಇನ್ನೂ ಜಾರಿಗೆ ಬಂದಿಲ್ಲ'.

---

ಏಳುಪದರ

465, 587 ಎರಡೂ ಮುಚ್ಚಿ, 80 ಮತ್ತು 443 ಮಾತ್ರ ಬಿಡುವ ಜಾಲಗಳಿಗೆ ಮೂರು ದಾರಿ.

ಸುಲಭದ್ದು: ಸರ್ವರ್‌ನಲ್ಲಿ ವೆಬ್ ಇಲ್ಲದಿದ್ದರೆ ಮಾಸ್ಟರ್.ಸಿಎಫ್‌ನ 465ರ ಸಾಲನ್ನು ನಕಲು ಮಾಡಿ ಪೋರ್ಟ್ 443 ಕೊಡಿ. ಥಂಡರ್‌ಬರ್ಡ್‌ನಲ್ಲಿ ಅದನ್ನು ಇನ್ನೊಂದು ಹೊರಹೋಗುವ ಸರ್ವರ್ ಎಂದು ಸೇರಿಸಿಡಿ.

ಎಸ್‌ಎಸ್‌ಎಚ್ ಸುರಂಗ: ಸರ್ವರ್‌ನ ಎಸ್‌ಎಸ್‌ಎಚ್ 443ರಲ್ಲಿ ಇದ್ದರೆ, ಲ್ಯಾಪ್‌ಟಾಪಿನ 2465 ಅನ್ನು ಸರ್ವರ್‌ನ 465ಕ್ಕೆ ಜೋಡಿಸುವುದು. ಜಾಲ ಬದಲಾದಾಗ ಹಳೆಯ ಎಸ್‌ಎಸ್‌ಎಚ್ ಸಂಪರ್ಕ ಸತ್ತಿದ್ದರೂ ಬದುಕಿದಂತೆ ಕೂರುತ್ತದೆ, ಪೋರ್ಟ್ ಹಿಡಿದುಕೊಂಡಿರುತ್ತದೆ. ಸರ್ವರ್‌ಅಲೈವ್‌ಇಂಟರ್ವಲ್ 15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಹಾಕಿದರೆ ಸುಮಾರು 45 ಸೆಕೆಂಡಿನಲ್ಲಿ ಕಡಿದುಕೊಳ್ಳುತ್ತದೆ, ಆಟೋಎಸ್‌ಎಸ್‌ಎಚ್ ಮತ್ತೆ ಕಟ್ಟುತ್ತದೆ. ಸರ್ಟಿಫಿಕೇಟಿನಲ್ಲಿ ಸರ್ವರ್ ಹೆಸರು, ನೀವು ಹೋಗುತ್ತಿರುವುದು ಲೋಕಲ್‌ಹೋಸ್ಟ್‌ಗೆ, ಹಾಗಾಗಿ ಹೆಸರು ಹೊಂದದ ತಕರಾರು ಬಂದೇ ಬರುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ 'ಸೆಕ್ಯೂರ್ ಸರ್ಟ್ ಮ್ಯಾಚ್' ಬೆಲೆಗೆ ಸರ್ವರ್ ಹೆಸರು ಕೊಟ್ಟರೆ ಪರಿಹಾರ, ಥಂಡರ್‌ಬರ್ಡ್‌ನಲ್ಲಿ ಅಷ್ಟು ಸಲೀಸಲ್ಲ.

ವೈರ್‌ಗಾರ್ಡ್ ಎಂಬ ವಿಪಿಎನ್: ನನ್ನ ಮೆಚ್ಚಿನದು. ಅದು ನಿಮ್ಮನ್ನು ಗುರುತಿಸುವುದು ಕೀಲಿಯಿಂದ, ಐಪಿಯಿಂದ ಅಲ್ಲ. ವೈಫೈ ಬಿಟ್ಟು ಹಾಟ್‌ಸ್ಪಾಟ್ ಹಿಡಿದರೂ ಸುರಂಗ ಕಡಿಯದೆ ಮುಂದುವರಿಯುತ್ತದೆ. ಅಲೋಡ್‌ಐಪಿಸ್‌ನಲ್ಲಿ ಸರ್ವರ್‌ನ ಸುರಂಗ ವಿಳಾಸ ಮಾತ್ರ, /32 ಎಂದು ಕೊಡಿ, ಉಳಿದ ಸಂಚಾರ ಇದರೊಳಗೆ ಬರುವುದು ಬೇಡ. ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25. ಯುಡಿಪಿಯನ್ನೋ ಇದರ ಪೋರ್ಟನ್ನೋ ತಡೆಯುವ ಜಾಲದಲ್ಲಿ ಮಾತ್ರ ನಡೆಯುವುದಿಲ್ಲ.

---

ಹಳೇಟಪಾಲು

ವೈರ್‌ಗಾರ್ಡ್ ಚೆನ್ನಾಗಿದೆ, ಆದರೆ ಮೇಲ್ ಅದರ ಮೇಲೇ ಅವಲಂಬಿಸುವಂತೆ ಮಾಡಬೇಡಿ. ಸಬ್‌ಮಿಷನ್ ಪೋರ್ಟ್ ಲೋಕಕ್ಕೆ ತೆರೆದೇ ಇರಲಿ, ಸುರಂಗ ಎರಡನೇ ದಾರಿಯಾಗಿರಲಿ. ಫೋನಿನಿಂದ ತುರ್ತಾಗಿ ಕಳಿಸಬೇಕಾದಾಗ ಸುರಂಗ ಕಟ್ಟಿಕೊಂಡು ಕೂರಲಾಗುವುದಿಲ್ಲ.

---

ಸಂಚಾರಿ_ಪೆಟ್ಟಿಗೆ

554 ಹೋಯಿತು, ಎಂಟಿಯು 1400ರಲ್ಲಿ ಪಿಡಿಎಫ್ ಕೂಡ ಹೋಯಿತು. ಕೊನೆಯದೊಂದು: ನಿಧಾನದ ಜಾಲದಲ್ಲಿ 'ಸೆಂಟ್ ಫೋಲ್ಡರಿಗೆ ನಕಲು ಮಾಡಲಾಗುತ್ತಿದೆ' ಎಂದು ಥಂಡರ್‌ಬರ್ಡ್ ನಿಂತುಬಿಡುತ್ತದೆ. ರದ್ದು ಮಾಡಿ ಮತ್ತೆ ಕಳಿಸಬೇಕೇ?

---

ಕ್ಯೂನಲ್ಲಿ_ನಿಂತವ

ಬೇಡ. ಆ ಸಾಲು ಕಂಡಿತೆಂದರೆ ಎಸ್‌ಎಂಟಿಪಿ ಕೆಲಸ ಮುಗಿದು ಮೇಲ್ ಹೋಗಿಯಾಗಿದೆ. ಈಗ ಅದೇ ಮೇಲ್ ಅನ್ನು ಲಗತ್ತು ಸಮೇತ ಐಮ್ಯಾಪ್ ಮೂಲಕ, ಪೋರ್ಟ್ 993, ಎರಡನೇ ಸಲ ಅಪ್‌ಲೋಡ್ ಮಾಡುತ್ತಿದೆ. ರದ್ದು ಮಾಡಿ ಮತ್ತೆ ಕಳಿಸಿದರೆ ಎದುರಿನವರಿಗೆ ಎರಡು ಪ್ರತಿ. ನಿಮ್ಮ ಹಿಂದಿನ ಎರಡು ಪ್ರತಿಗೂ ಇದೇ ಕಾರಣ ಇದ್ದೀತು, ಸರ್ವರ್ ಲಾಗ್‌ನಲ್ಲಿ ಮೆಸೇಜ್-ಐಡಿ ಹುಡುಕಿ ನೋಡಿ.

ಪ್ರಯಾಣದಲ್ಲಿದ್ದಾಗ ಖಾತೆಯ 'ನಕಲುಗಳು ಮತ್ತು ಫೋಲ್ಡರ್‌ಗಳು' ಭಾಗದಲ್ಲಿ ಸೆಂಟ್ ನಕಲನ್ನು ಲೋಕಲ್ ಫೋಲ್ಡರ್ಸ್‌ಗೆ ತಿರುಗಿಸಿ. ಒಳ್ಳೆಯ ಜಾಲ ಸಿಕ್ಕಾಗ ಅಲ್ಲಿಂದ ಐಮ್ಯಾಪ್ ಸೆಂಟ್‌ಗೆ ಎಳೆದು ಹಾಕಿದರೆ ಆಯಿತು. ಡೇಟಾ ಅರ್ಧಕ್ಕರ್ಧ ಉಳಿಯುತ್ತದೆ.